ಪರವಾಗಿಲ್ಲ ಅನ್ನಬೇಡ

ತಂಗಿ,

ನೀನು ಕೇಳಿದ್ದು ಇಷ್ಟು: "ಅಕ್ಕ, ನಾವು ಕಡೂರಿನವರು. ನೆದರ್ಲೆಂಡ್ಸಿನ ಐಂಡ್‌ಹೋವನ್‌ಗೆ ಬಂದು ಐದು ತಿಂಗಳಾಯಿತು. ಮಗನಿಗೆ ಮೂರು ವರ್ಷ. ಈಗ ಮತ್ತೆ ಬಸುರಿ, ಮೂರನೇ ತಿಂಗಳು. ಇಲ್ಲಿ ಹೆರಿಗೆಗೆ ಡಾಕ್ಟರೇ ಬರಲ್ಲವಂತೆ, ಹೆತ್ತ ದಿನವೇ ಮನೆಗೆ ಕಳಿಸ್ತಾರಂತೆ. ಹೌದಾ? ಊರಿಗೆ ಹೋಗಿಬಿಡಲಾ? ಅಮ್ಮ ಇಲ್ಲದೆ ಬಾಣಂತನ ಆಗುತ್ತಾ?"

ಹೌದು, ಎಲ್ಲ ಸರಿಯಿದ್ದರೆ ಡಾಕ್ಟರ್ ಬರುವುದಿಲ್ಲ. ಹೌದು, ಹೆತ್ತ ಕೆಲವು ಗಂಟೆಗೆ ಮನೆಗೆ ಕಳಿಸುತ್ತಾರೆ. ನನ್ನನ್ನು ಕಳಿಸುವ ಪ್ರಶ್ನೆಯೇ ಬರಲಿಲ್ಲ, ಯಾಕೆಂದರೆ ನಾನು ಆಸ್ಪತ್ರೆಗೆ ಹೋಗಲೇ ಇಲ್ಲ. ಚಿಕ್ಕವಳು ಮನೆಯಲ್ಲೇ ಹುಟ್ಟಿದಳು, ನಾವು ಮಲಗುವ ಕೋಣೆಯಲ್ಲಿ. ಬೇಕಂತ ಮಾಡಿದ್ದಲ್ಲ. ನನ್ನ ಬಾಯಿಂದ ಬಂದ ಒಂದು ಮಾತಿನಿಂದ ಹಾಗಾಯಿತು. ಆ ದಿನದ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಮಗ ಮಲಗಿದ ಮೇಲೆ ಓದು.

ನಾನು ಹಾಸನದವಳು. ಸಾಲಗಾಮೆ ರಸ್ತೆಯಲ್ಲಿ ತವರು. ದೊಡ್ಡವಳು 2012ರಲ್ಲಿ ಹಾಸನದಲ್ಲೇ ಹುಟ್ಟಿದ್ದು. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ, ಬಳೆ ತೊಡಿಸಿ, ಅಮ್ಮ ಕರೆದುಕೊಂಡು ಬಂದರು. ಅಲ್ಲಿಂದ ಮುಂದೆ ನಾನು ಬಾಯಿಬಿಟ್ಟು ಏನನ್ನೂ ಕೇಳಿದ ನೆನಪಿಲ್ಲ. ನೋವು ಬಂದ ರಾತ್ರಿ ನಾನು ಮಗ್ಗುಲು ಬದಲಿಸಿದ್ದಕ್ಕೇ ಅಮ್ಮ ಎದ್ದು ದೀಪ ಹಾಕಿದ್ದರು. ಚಿಕ್ಕಪ್ಪ ಕಾರು ತಂದರು. ನರ್ಸಿಂಗ್ ಹೋಮಿನ ಬಾಗಿಲಲ್ಲಿ ನಮ್ಮ ಕಡೆಯವರೇ ಎಂಟು ಜನ. ನನ್ನ ಗಂಡ ಬೆಂಗಳೂರಿನಿಂದ ಬಸ್ಸು ಹತ್ತಿ ಬಂದು ಮುಟ್ಟುವ ಹೊತ್ತಿಗೆ ಮಗು ಹುಟ್ಟಿ ಆರು ಗಂಟೆಯಾಗಿತ್ತು. ಬಂದಿದ್ದರೂ ಒಳಗೆ ಯಾರು ಬಿಡುತ್ತಿದ್ದರು?

ಆಮೇಲೆ ಮೂರು ತಿಂಗಳು ಬಾಣಂತನ. ನಿನಗೆ ಹೊಸದಾಗಿ ಹೇಳಬೇಕಾ? ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮೆಂತ್ಯದ ಗಂಜಿ, ಮೆಣಸಿನ ಸಾರು, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ. ಊಟ ಆದ ಮೇಲೆ ಒಂದು ಚಿಟಿಕೆ ಸೋಂಪು, ಹಾಲು ಚೆನ್ನಾಗಿ ಬರಲಿ ಅಂತ. ಮಗುವಿಗೆ ನೀರು ಹಾಕಲು ಒಬ್ಬ ಅಜ್ಜಿ ಬರುತ್ತಿದ್ದರು. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ಹಂಡೆಯ ಬಿಸಿನೀರು ಹುಯ್ಯುತ್ತಿದ್ದರು. ಮಗು ಕೂಗಿದಷ್ಟೂ ಅವರಿಗೆ ಸಮಾಧಾನ. ನೋಡಲು ಬಂದವರು "ಹೇಗಿದ್ದೀಯಮ್ಮ?" ಅಂದರೆ ನಾನು "ಪರವಾಗಿಲ್ಲ" ಅನ್ನುತ್ತಿದ್ದೆ. ಪಕ್ಕದಲ್ಲಿ ಅಮ್ಮ, "ಪರವಾಗಿಲ್ಲ ಅಂತಾಳೆ, ರಾತ್ರಿಯೆಲ್ಲ ಸೊಂಟ ಹಿಡ್ಕೊಂಡು ಅಳ್ತಿದ್ಲು" ಅಂತ ಸೇರಿಸುತ್ತಿದ್ದರು. ನಮ್ಮ ಕಡೆ ಹಾಗೇ ಅಲ್ವಾ? ಪರವಾಗಿಲ್ಲ ಅನ್ನುವುದು ನಮ್ಮ ಕೆಲಸ. ಅದರ ಹಿಂದೆ ಏನಿದೆ ಅಂತ ನೋಡುವುದು ಎದುರಿಗಿದ್ದವರ ಕೆಲಸ.

2014ರಲ್ಲಿ ಇಲ್ಲಿಗೆ ಬಂದೆವು. 2016ರ ಮಾರ್ಚ್‌ನಲ್ಲಿ ಎರಡನೆಯದು ಅಂತ ಗೊತ್ತಾಯಿತು. ಮನೆ ಡಾಕ್ಟರಿಗೆ ಫೋನ್ ಮಾಡಿದರೆ ಅವರು ಖುಷಿಪಟ್ಟು, "ಇನ್ನು ನನ್ನ ಹತ್ತಿರ ಬರಬೇಡಿ, ವೆರ್ಲೋಸ್‌ಕುಂಡಿಖೆಗೆ ಫೋನ್ ಮಾಡಿ" ಅಂದರು. ಆ ಹೆಸರು ಕೇಳಿ ನನ್ನ ಗಂಡ ಎದ್ದು ಅಡುಗೆಮನೆಗೆ ಹೋಗಿ ನಕ್ಕು ಬಂದರು. ನೀನೂ ನಗುತ್ತೀಯ, ನಕ್ಕುಬಿಡು, ಮೊದಲ ಭೇಟಿಯಲ್ಲಿ ಅವಳ ಎದುರಿಗೆ ನಗುವುದಕ್ಕಿಂತ ಅದು ವಾಸಿ. ನಮ್ಮ ಮಾತಿನಲ್ಲಿ ಹೇಳುವುದಾದರೆ ಸೂಲಗಿತ್ತಿ. ಆದರೆ ನಾಲ್ಕು ವರ್ಷ ಕಾಲೇಜಿನಲ್ಲಿ ಓದಿದ ಸೂಲಗಿತ್ತಿ. ಬಸುರಿನಲ್ಲಿ ತೊಡಕು ಇಲ್ಲದಿದ್ದರೆ ಮೊದಲಿಂದ ಕೊನೆಯವರೆಗೆ ಎಲ್ಲ ಅವಳೇ. ಏನಾದರೂ ಹೆಚ್ಚುಕಮ್ಮಿ ಕಂಡರೆ ಮಾತ್ರ ಆಸ್ಪತ್ರೆಯ ಡಾಕ್ಟರ ಕೈಗೆ ದಾಟಿಸುತ್ತಾಳೆ. ಮನೆಯಲ್ಲಿ ಹೆರುವುದಾ, ಆಸ್ಪತ್ರೆಯಲ್ಲಾ ಅಂತ ನಿನ್ನನ್ನೇ ಕೇಳುತ್ತಾಳೆ. ಮನೆಯಲ್ಲಿ ಹೆರುವವರು ಇಲ್ಲಿ ಇನ್ನೂ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇದ್ದಾರೆ. ಯುರೋಪಿನ ಬೇರೆ ದೇಶಗಳಲ್ಲಿ ಇಷ್ಟಿಲ್ಲ.

ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅಮ್ಮ ಹುಟ್ಟಿದ್ದು ಆಲೂರಿನ ಹತ್ತಿರದ ಹಳ್ಳಿಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದುವರಿದ ದೇಶ ಅಂತ ಹೋಗಿ ಅಜ್ಜಿ ಕಾಲಕ್ಕೆ ಸೇರ್ಕೊಂಡ್ಯಲ್ಲೇ" ಅಂದರು. (ಎರಡು ವರ್ಷ ಆದ ಮೇಲೆ, 2018ರಲ್ಲಿ, ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂತಲ್ಲ, ಆಗ ಆ ಫೋಟೋವನ್ನು ಅಮ್ಮನೇ ನನಗೆ ಕಳಿಸಿದರು. "ನಿಮ್ಮ ದೇಶದವಳಿಗೆ ತೋರಿಸು" ಅಂತ.) ನನಗೂ ಧೈರ್ಯ ಇರಲಿಲ್ಲ. ಆಸ್ಪತ್ರೆ ಅಂತ ಬರೆಸಿದೆ.

ಊರಿಗೆ ಯಾಕೆ ಹೋಗಲಿಲ್ಲ ಅಂತ ಕೇಳುತ್ತೀಯ. ದೊಡ್ಡವಳಿಗೆ ಆಗ ತಾನೇ ನಾಲ್ಕು ತುಂಬಿ ಇಲ್ಲಿನ ಶಾಲೆ ಶುರುವಾಗಿತ್ತು. ದಿನ ತುಂಬುತ್ತಾ ಬಂದ ಹಾಗೆ ವಿಮಾನದವರೂ ಹತ್ತಿಸಿಕೊಳ್ಳುವುದಿಲ್ಲ, ಆದ್ದರಿಂದ ಆರೇಳು ತಿಂಗಳಿಗೇ ಹೊರಡಬೇಕು. ಹೋದರೆ ವಾಪಸ್ ಬರಲು ಒಂದು ವರ್ಷ. ಅದರ ಬದಲು ಅಮ್ಮ ಬರಲಿ ಅಂತ ಆಯಿತು. ಷೆಂಗೆನ್ ವೀಸಾಗೆ ಹಾಕಿದೆವು. ಒಂದು ಕಾಗದ ಸಾಲದು ಅಂದರು, ಮತ್ತೆ ಹಾಕಿದೆವು. ಯಾವ ಕಚೇರಿ, ಯಾರ ತಪ್ಪು ಅನ್ನುವುದು ಈಗ ಬೇಡ. ಅಮ್ಮನ ಟಿಕೆಟ್ ಸಿಕ್ಕಿದ್ದು ನವೆಂಬರ್ ಮಧ್ಯಕ್ಕೆ. ನನ್ನ ದಿನ ಇದ್ದದ್ದು ನವೆಂಬರ್ ಮೊದಲ ವಾರ.

ಚಿಕ್ಕವಳು ಅಷ್ಟೂ ಕಾಯಲಿಲ್ಲ.

2016ರ ಅಕ್ಟೋಬರ್ 29, ಶನಿವಾರ, ನರಕ ಚತುರ್ದಶಿ. ಬೆಳಿಗ್ಗೆ ಮನೆಯವರಿಗೆಲ್ಲ ಎಣ್ಣೆ ಹಚ್ಚಿ ನೀರು ಹಾಕಿದ್ದೆ. ಮಾರನೇ ದಿನ ಐದು ಮನೆಯವರನ್ನು ಊಟಕ್ಕೆ ಕರೆದಿದ್ದೆ, ಎಲ್ಲ ನಮ್ಮ ಕಡೆಯವರೇ. ಒಂಬತ್ತು ತಿಂಗಳ ಹೊಟ್ಟೆ ಇಟ್ಟುಕೊಂಡು ಇದೆಲ್ಲ ಬೇಕಿತ್ತಾ ಅಂತ ಈಗ ಅನ್ನಿಸುತ್ತದೆ. ಸಂಜೆ ಐದಕ್ಕೆ ಒಲೆ ಮುಂದೆ ನಿಂತು ಕಜ್ಜಾಯ ಕರಿಯುತ್ತಿದ್ದೆ. ಸೊಂಟದಲ್ಲಿ ಏನೋ ಹಿಡಿದ ಹಾಗಾಯಿತು. ಬಿಟ್ಟಿತು. ಹತ್ತು ಕಜ್ಜಾಯ ಆದ ಮೇಲೆ ಮತ್ತೆ ಹಿಡಿಯಿತು. ಗಂಡನಿಗೆ ಹೇಳಲಿಲ್ಲ. ಪಾಕ ಗಟ್ಟಿಯಾದೀತು ಅನ್ನುವ ಚಿಂತೆ ನನಗೆ.

ಒಂಬತ್ತಕ್ಕೆ ಅವರಿಗೇ ಗೊತ್ತಾಗಿ ಸೂಲಗಿತ್ತಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಅವಳು ಸಮಾಧಾನದಿಂದ ಕೇಳಿದಳು: "ಹೇಗಿದೆ?"

"ಪರವಾಗಿಲ್ಲ" ಅಂದೆ. ಇಂಗ್ಲಿಷಿನಲ್ಲೇ, "ಇಟ್ಸ್ ಓಕೆ" ಅಂತ. ಆದರೆ ಒಳಗಿದ್ದದ್ದು ನಮ್ಮ ಪರವಾಗಿಲ್ಲವೇ.

"ನೋವು ತಡೆಯುವ ಹಾಗಿದೆಯಾ?"

"ಹೂಂ."

"ನಾನು ಈಗ ಬರಬೇಕಾ?"

ಇದನ್ನು ಚೆನ್ನಾಗಿ ಗಮನಿಸು. ಅವಳು ಬಾಯಿಬಿಟ್ಟು ಕೇಳಿದಳು, ಬರಬೇಕಾ ಅಂತ. ನಾನು "ಬೇಡ ಬೇಡ, ನಿಮಗ್ಯಾಕೆ ತೊಂದರೆ" ಅಂದೆ. ಹಾಸನದಲ್ಲಾಗಿದ್ದರೆ ಆ ಮಾತು ಮುಗಿಯುವ ಮೊದಲೇ ಎದುರಿಗಿದ್ದವರು ಚಪ್ಪಲಿ ಹಾಕಿಕೊಂಡಿರುತ್ತಿದ್ದರು. ಇವಳು "ಒಳ್ಳೆಯದು. ಐದು ನಿಮಿಷಕ್ಕೊಂದು ಸಲ ಬರಲು ಶುರುವಾದರೆ ತಕ್ಷಣ ಹೇಳಿ. ಎರಡನೆಯದು, ಬೇಗ ಆಗಬಹುದು" ಅಂತ ಫೋನ್ ಇಟ್ಟಳು. ಅವಳದ್ದೇನೂ ತಪ್ಪಿಲ್ಲ. ಇಲ್ಲಿಯವರು ಆಡಿದ ಮಾತನ್ನು ಆಡಿದ ಹಾಗೇ ತೆಗೆದುಕೊಳ್ಳುತ್ತಾರೆ. ಬೇಡ ಅಂದರೆ ಬೇಡ. ಇನ್ನೊಂದು ಸಲ ಬಲವಂತ ಮಾಡುವುದು ಅವರ ಲೆಕ್ಕದಲ್ಲಿ ಮರ್ಯಾದೆ ಅಲ್ಲ.

ಹನ್ನೆರಡೂವರೆಗೆ ನಾಲ್ಕು ನಿಮಿಷಕ್ಕೊಂದು ಬರುತ್ತಿತ್ತು. ಇವರು ಫೋನ್ ಹಿಡಿದು ನಿಮಿಷ ಎಣಿಸುತ್ತಾ "ಮಾಡ್ಲಾ?" ಅಂದರು. "ಇರಿ, ಇನ್ನು ಸ್ವಲ್ಪ ಹೊತ್ತು" ಅಂದೆ. ನನ್ನ ತಲೆಯಲ್ಲಿದ್ದದ್ದು ಪಕ್ಕದ ಮನೆ. ಆಸ್ಪತ್ರೆಗೆ ಹೊರಟರೆ ದೊಡ್ಡವಳನ್ನು ಪಕ್ಕದ ಮನೆಯ ಹಿರಿಯ ಹೆಂಗಸಿನ ಹತ್ತಿರ ಬಿಡಬೇಕಿತ್ತು. ಅವರಿಗೆ ಎಪ್ಪತ್ತು ದಾಟಿತ್ತು, ಒಬ್ಬರೇ ಇದ್ದರು. ಅವರ ಮನೆಯ ದೀಪ ಆರಿತ್ತು. ನಡುರಾತ್ರಿ ಬೆಲ್ ಒತ್ತಿ ಎಬ್ಬಿಸುವುದು ಹೇಗೆ? ಬೆಳಗಾಗಲಿ ಅಂತ ಹಲ್ಲು ಕಚ್ಚಿದೆ. ಹೆರಿಗೆ ನೋವನ್ನು ಬೆಳಗಾಗಲಿ ಅಂತ ತಡೆಯಲು ನೋಡಿದ ಜಾಣೆ ನಾನು.

ಎರಡಕ್ಕೆ ನೀರು ಒಡೆಯಿತು. ಇವರು ಫೋನ್ ಮಾಡಿದರು. ಹಿಂದಿನಿಂದ ನನ್ನ ದನಿ ಅವಳಿಗೆ ಕೇಳಿಸಿತು. ಈ ಸಲ ಹೇಗಿದೆ ಅಂತ ಕೇಳಲಿಲ್ಲ. "ಮೆಟ್ಟಿಲು ಇಳಿಸಬೇಡಿ. ನಾನೇ ಬರ್ತಿದ್ದೀನಿ" ಅಂದಳು. ಇಲ್ಲಿನ ಮನೆಗಳ ಮೆಟ್ಟಿಲು ನಿನಗೆ ಗೊತ್ತಲ್ಲ, ಏಣಿ ಇದ್ದ ಹಾಗೆ. ಹದಿನೈದು ನಿಮಿಷಕ್ಕೆ ಬಂದಳು, ಎರಡು ದೊಡ್ಡ ಬ್ಯಾಗ್ ಹೊತ್ತು, ಕೂದಲು ಕೂಡ ಕಟ್ಟಿರಲಿಲ್ಲ. ಇವರು ಪಕ್ಕದ ಮನೆಯ ಬೆಲ್ ಒತ್ತಿದರು. ಆ ಹಿರಿಯರು ರಾತ್ರಿ ಅಂಗಿಯಲ್ಲೇ ಬಂದರು. ನನ್ನ ಕಡೆ ಒಂದು ಸಲ ನೋಡಿ, ಏನೂ ಕೇಳದೆ, ದೊಡ್ಡವಳ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಒಂದು ಪುಣ್ಯ ಅಂದರೆ ಮನೆ ಸಿದ್ಧವಿತ್ತು. ಆಸ್ಪತ್ರೆಗೆ ಹೋಗುವವರೂ 37 ವಾರಕ್ಕೆ ಮಂಚದ ಕಾಲಿನ ಕೆಳಗೆ ಕಟ್ಟೆ ಇಟ್ಟು ಎತ್ತರಿಸಬೇಕು, ಸುಮಾರು 80 ಸೆಂಟಿಮೀಟರ್. ಆರೈಕೆಗೆ ಬರುವವರ ಸೊಂಟ ಹೋಗಬಾರದು ಅಂತ. ಇನ್ಶೂರೆನ್ಸಿನವರು ಒಂದು ಡಬ್ಬ ಕಳಿಸಿದ್ದರು. ಹಾಸಿಗೆಗೆ ಹಾಸುವ ಹಾಳೆ, ಪ್ಯಾಡು, ಹತ್ತಿ, ಹೊಕ್ಕುಳಬಳ್ಳಿಗೆ ಹಾಕುವ ಕ್ಲಿಪ್ಪು. ಆಸ್ಪತ್ರೆಗೆ ಹೋಗುವವಳಿಗೆ ಇದೆಲ್ಲ ಯಾಕೆ ಅಂತ ನಾನು ಅಟ್ಟಕ್ಕೆ ಹಾಕಿದ್ದೆ. ಇವರು ಅಟ್ಟ ಹತ್ತಿ ಅದನ್ನು ತಂದರು.

ಮನೆಯಲ್ಲಿ ನೋವು ಕಡಿಮೆ ಮಾಡುವ ಇಂಜೆಕ್ಷನ್ ಇಲ್ಲ. ಮೊದಲೇ ಗೊತ್ತಿರಲಿ ಅಂತ ಹೇಳುತ್ತಿದ್ದೇನೆ. ಬೆನ್ನಿಗೆ ಕೊಡುವ ಇಂಜೆಕ್ಷನ್ ಬೇಕಿದ್ದರೆ ಆಸ್ಪತ್ರೆಗೇ ಹೋಗಬೇಕು, ಅದನ್ನು ಮುಂಚೆಯೇ ಹೇಳಿಟ್ಟರೆ ಒಳ್ಳೆಯದು. ಆ ಕೊನೆಯ ಹೊತ್ತಲ್ಲಿ ನಾನು ಇಂಗ್ಲಿಷ್ ಮರೆತೆ. ಡಚ್ಚಂತೂ ಬಂದೇ ಇರಲಿಲ್ಲ. ಗಂಡನನ್ನು, ವೀಸಾ ಕಚೇರಿಯನ್ನು, ಕಜ್ಜಾಯವನ್ನು, ಎಲ್ಲವನ್ನೂ ಅಚ್ಚ ಹಾಸನದ ಮಾತಿನಲ್ಲಿ ಬೈದೆ. ಅವಳು ತಲೆ ಆಡಿಸುತ್ತಾ ಡಚ್ಚಿನಲ್ಲಿ ಏನೋ ಹೇಳುತ್ತಿದ್ದಳು. ನಡುವೆ "ಪೆರ್ಸೆ, ಪೆರ್ಸೆ" ಅಂದಳು. ಇವರು ಪರ್ಸ್ ಕೇಳುತ್ತಿದ್ದಾಳೆ ಅಂದುಕೊಂಡು ಪ್ಯಾಂಟಿನ ಜೇಬಿಗೆ ಕೈ ಹಾಕಿದರು. ಮುಕ್ಕು ಅಂತ ಅದರ ಅರ್ಥ. ಆ ನೋವಿನಲ್ಲೂ ನನಗೆ ನಗು ಬಂತು. ನಗುತ್ತಲೇ ಮುಕ್ಕಿದೆ. ಮಗು ಬಂತು.

ಹೆಣ್ಣು. ಇಪ್ಪತ್ತನೇ ವಾರದ ಸ್ಕ್ಯಾನಿನಲ್ಲಿ "ಗಂಡಾ ಹೆಣ್ಣಾ, ಹೇಳಲಾ?" ಅಂತ ಇಲ್ಲಿ ಸಹಜವಾಗಿ ಕೇಳುತ್ತಾರೆ. ನಮ್ಮಲ್ಲಿ 1994ರ ಕಾನೂನು ಬಂದಾಗಿನಿಂದ ಅದನ್ನು ಹೇಳುವುದೇ ಅಪರಾಧ. ಆ ಪ್ರಶ್ನೆ ಕೇಳಿ ನನಗೆ ಕಳ್ಳತನ ಮಾಡಿದಷ್ಟು ಭಯವಾಗಿ ಬೇಡ ಅಂದಿದ್ದೆ. ಹಾಗಾಗಿ ಆ ರಾತ್ರಿಯೇ ಗೊತ್ತಾದದ್ದು. ಬೆಂಗಳೂರಿನ ಬಸ್ಸಿನಲ್ಲಿ ಅಪ್ಪನಾದ ಮನುಷ್ಯ ಈ ಸಲ ಕತ್ತರಿ ಹಿಡಿದು ಹೊಕ್ಕುಳಬಳ್ಳಿ ಕತ್ತರಿಸಿದರು. ಕೈ ನಡುಗುತ್ತಿತ್ತು, ಎರಡು ಸಲ ಒತ್ತಬೇಕಾಯಿತು.

ಸೂಲಗಿತ್ತಿ ಗಡಿಯಾರ ನೋಡಿ ಬರೆದುಕೊಂಡಳು, 2:48. ಮಾಸು ಬಿದ್ದಾಗ ಮತ್ತೆ ನೋಡಿದಳು, 2:05. ಬರೆಯುತ್ತಾ ನಕ್ಕಳು. ಅವತ್ತು ಅಕ್ಟೋಬರಿನ ಕೊನೆಯ ಭಾನುವಾರ. ಬೆಳಗಿನ ಮೂರು ಗಂಟೆಗೆ ಯುರೋಪಿನ ಈ ಭಾಗದ ಗಡಿಯಾರಗಳೆಲ್ಲ ಹಿಂದಕ್ಕೆ ಹೋಗಿ ಎರಡು ಗಂಟೆ ತೋರಿಸುತ್ತವೆ. ನನ್ನ ಮಗಳು ಎರಡು ಸಲ ಬಂದ ಗಂಟೆಯಲ್ಲಿ, ಮೊದಲನೇ ಸಲ ಬಂದಾಗ ಹುಟ್ಟಿದಳು. ಅವಳಿಗೆ ಇದರ ಬಗ್ಗೆ ಭಾರೀ ಜಂಬ.

ಊರಿಗೆ ಫೋನ್ ಮಾಡಿದೆವು. ಅಲ್ಲಿ ಬೆಳಕು ಹರಿದಿತ್ತು. ಅಪ್ಪ ತೆಗೆದರು. ಅಮ್ಮ ಮನೆಯಲ್ಲಿರಲಿಲ್ಲ. ಹಾಸನಾಂಬೆಯ ಬಾಗಿಲು ತೆಗೆದಿತ್ತಲ್ಲ, ನನ್ನ ಹೆರಿಗೆ ಸಲೀಸಾಗಲಿ ಅಂತ ನಾಲ್ಕು ಗಂಟೆಗೇ ಎದ್ದು ಸಾಲಿನಲ್ಲಿ ನಿಂತಿದ್ದರು. ವರ್ಷಕ್ಕೊಮ್ಮೆ ದೀಪಾವಳಿಯ ಆಸುಪಾಸಿನಲ್ಲಿ ಮಾತ್ರ ತೆಗೆಯುವ ಬಾಗಿಲು, ಭಾನುವಾರ ಬೇರೆ, ಸಾಲು ಎಷ್ಟು ಉದ್ದ ಅಂತ ನೀನೇ ಲೆಕ್ಕ ಹಾಕು. ಅಪ್ಪ ಮೊಬೈಲಿಗೆ ಮಾಡಿ ಹೇಳಿದರಂತೆ. ಅಮ್ಮ ಸಾಲಿನಲ್ಲೇ ಅತ್ತರಂತೆ. ಹಿಂದೆ ಮುಂದೆ ಇದ್ದವರು ಯಾರೋ ಹೋಗಿಬಿಟ್ಟರು ಅಂದುಕೊಂಡು ಸಮಾಧಾನ ಮಾಡಿದರಂತೆ.

ಆಮೇಲೆ ನಮ್ಮ ಕಡೆಯ ಒಬ್ಬರು ದನಿ ತಗ್ಗಿಸಿ "ಅಮಾವಾಸ್ಯೆ ಅಲ್ವಾ..." ಅಂದರು. ಅಪ್ಪ ಬಿಡಲಿಲ್ಲ. "ದೀಪಾವಳಿ ಅಮಾವಾಸ್ಯೆ. ಲಕ್ಷ್ಮಿ ಬರ್ಲಿ ಅಂತ ಊರೆಲ್ಲ ಬಾಗ್ಲು ತೆಗೆದು ಕೂತಿರುತ್ತೆ. ಇವರ ಮನೆಗೆ ಬಂದಾಯ್ತು" ಅಂದರು. ಜಾತಕದ ಕಥೆ ಮಾತ್ರ ಇನ್ನೂ ಮುಗಿದಿಲ್ಲ. ಬೇಸಿಗೆಯಲ್ಲಿ ನಮಗೂ ಊರಿಗೂ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ. ಅಪ್ಪ 6:18 ಅಂತ ಬರೆಸಿದರು, ಮಾವನವರು 7:18 ಅಂತ ಬರೆಸಿದರು. ಅವಳಿಗೆ ಎರಡು ಜಾತಕ ಇದೆ. ಮದುವೆ ಹೊತ್ತಿಗೆ ಯಾವುದು ಹೊಂದುತ್ತೋ ಅದನ್ನು ತೆಗೆದರಾಯಿತು.

ಹೆತ್ತ ಎರಡು ಗಂಟೆಗೆ ಸೂಲಗಿತ್ತಿ ನನ್ನನ್ನು ಶವರ್ ಕೆಳಗೆ ನಿಲ್ಲಿಸಿದಳು. ತಲೆ ಒದ್ದೆಯಾಯಿತು. ಇದನ್ನು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಬೆಳಿಗ್ಗೆ ಎಂಟೂವರೆಗೆ ಕ್ರಾಮ್‌ಜೋರ್ಖ್‌ನ, ಅಂದರೆ ಬಾಣಂತಿ ಆರೈಕೆಯ, ಹುಡುಗಿ ಬಂದಳು. ನೀನು ಅಮ್ಮ ಇಲ್ಲದೆ ಬಾಣಂತನ ಆಗುತ್ತಾ ಅಂತ ಕೇಳಿದೆಯಲ್ಲ, ಅದಕ್ಕೆ ಈ ದೇಶ ಕೊಡುವ ಉತ್ತರ ಇವಳು. ತರಬೇತಿ ಪಡೆದ ಆರೈಕೆಯವಳು, ಹೆತ್ತ ಮೇಲೆ ಸುಮಾರು ಎಂಟು ದಿನ ಮನೆಗೆ ಬಂದು ದಿನಕ್ಕೆ ಕೆಲವು ಗಂಟೆ ಇರುತ್ತಾಳೆ. ನಿನ್ನ ಜ್ವರ ನೋಡುತ್ತಾಳೆ, ಹೊಟ್ಟೆ ಒತ್ತಿ ನೋಡುತ್ತಾಳೆ, ಹಾಲು ಕುಡಿಸಲು ಕಲಿಸುತ್ತಾಳೆ, ಮಗುವನ್ನು ತೂಗುತ್ತಾಳೆ. ಅಷ್ಟೇ ಅಲ್ಲ, ಬಟ್ಟೆ ಒಗೆಯಲು ಹಾಕುತ್ತಾಳೆ, ಕಕ್ಕಸು ತೊಳೆಯುತ್ತಾಳೆ, ದೊಡ್ಡ ಮಗುವಿನ ಜೊತೆ ಆಡುತ್ತಾಳೆ. ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಾಳೆ. ಇದು ಇನ್ಶೂರೆನ್ಸಿನಲ್ಲೇ ಬರುತ್ತದೆ. ನಮ್ಮ ಕೈಯಿಂದ ಗಂಟೆಗೆ ಆಗ ನಾಲ್ಕು ಯುರೋ ಚಿಲ್ಲರೆ ಕಟ್ಟಿದ್ದೆವು, ಈಗ ಸ್ವಲ್ಪ ಜಾಸ್ತಿ.

ಬಂದವಳೇ ಕಿಟಕಿ ತೆಗೆದಳು. ಹತ್ತು ಡಿಗ್ರಿ ಚಳಿ! ಗಾಳಿಯಾಡಬೇಕು ಅಂದಳು. ನಾನು ತಲೆಗೆ ಸುತ್ತಿದ್ದ ಬಟ್ಟೆ ನೋಡಿ ತಲೆನೋವಾ ಅಂತ ಕೇಳಿದಳು. ಮಗುವಿನ ಮೇಲೆ ನಾನು ಹೊದಿಸಿದ್ದ ಮೂರು ಪದರದಲ್ಲಿ ಒಂದನ್ನು ತೆಗೆದಳು. ವಿಡಿಯೋದಲ್ಲಿ ಅಮ್ಮ "ಮುಚ್ಚು, ಮುಚ್ಚು" ಅಂತ ಕೂಗುತ್ತಿದ್ದರು, ಇವಳು ಬಿಚ್ಚುತ್ತಿದ್ದಳು. ಸಾಂಬ್ರಾಣಿ ವಿಷಯ ನಾನು ಎತ್ತಲೇ ಇಲ್ಲ, ಮನೆಯ ಹೊಗೆ ಗಂಟೆ ಹೊಡೆದುಕೊಂಡರೆ ಕಷ್ಟ. ಮಗುವನ್ನು ಅಂಗಾತ, ಅದರದೇ ಹಾಸಿಗೆಯಲ್ಲಿ, ತಲೆದಿಂಬಿಲ್ಲದೆ ಮಲಗಿಸಬೇಕು ಅನ್ನುವುದರಲ್ಲಿ ಮಾತ್ರ ಅವಳು ಜಗ್ಗಲಿಲ್ಲ. ಅದರಲ್ಲಿ ನೀನೂ ಅವಳ ಮಾತೇ ಕೇಳು. ಮಗುವಿನ ಉಸಿರಾಟದ ವಿಷಯ ಅದು.

ಮಧ್ಯಾಹ್ನ ಪಕ್ಕದ ಮನೆಯವರು ಒಂದು ತಟ್ಟೆ ತಂದರು. ಗುಂಡಗಿನ ರಸ್ಕು, ಮೇಲೆ ಬೆಣ್ಣೆ, ಅದರ ಮೇಲೆ ಗುಲಾಬಿ ಬಿಳಿ ಬಣ್ಣದ ಸಣ್ಣ ಸಣ್ಣ ಕಾಳು. ಮಗು ಹುಟ್ಟಿದರೆ ಇಲ್ಲಿ ಎಲ್ಲರಿಗೂ ಹಂಚುವುದು ಇದನ್ನೇ. ಗಂಡಾದರೆ ನೀಲಿ ಕಾಳು. ಆ ಕಾಳಿಗೆ ಹೆಸರು ಮೌಶಸ್, ಅಂದರೆ ಇಲಿಮರಿ. ದೊಡ್ಡವಳು "ಅಮ್ಮ ಇಲಿ ತಿಂತಿದ್ದಾಳೆ" ಅಂತ ಹಾಸನಕ್ಕೆ ಸುದ್ದಿ ಮುಟ್ಟಿಸಿದಳು. ನಾನು ಒಂದು ತುಂಡು ಕಡಿದೆ. ಸಕ್ಕರೆ ಒಡೆದು ಒಳಗಿಂದ ಸೋಂಪಿನ ರುಚಿ ಬಂತು. ನಮ್ಮ ಸೋಂಪಿನ ಹತ್ತಿರದ ಕಾಳೇ ಅದು. ಯಾಕೆ ಇದನ್ನೇ ಕೊಡುತ್ತೀರಿ ಅಂತ ಕೇಳಿದೆ. "ಹಾಲು ಚೆನ್ನಾಗಿ ಬರಲಿ ಅಂತ ಹಿಂದಿನವರು ಕೊಡುತ್ತಿದ್ದರು" ಅಂದರು. ತಟ್ಟೆ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದೆ. ಹೋಗುವಾಗ ಅವರು ಬಾಗಿಲಲ್ಲಿ ನಿಂತು, "ನಿನ್ನೆ ಸಂಜೆಯೇ ಯಾಕೆ ಬೆಲ್ ಒತ್ತಲಿಲ್ಲ? ನಾನು ಒಂದು ವಾರದಿಂದ ಫೋನ್ ತಲೆಯ ಹತ್ತಿರ ಇಟ್ಟು ಮಲಗುತ್ತಿದ್ದೆ" ಅಂದರು.

ಆ ಆರೈಕೆಯ ಹುಡುಗಿ ಕೂಡ ದಿನಾ ಬೆಳಿಗ್ಗೆ ಹೇಗಿದ್ದೀರಿ ಅಂತ ಕೇಳುತ್ತಿದ್ದಳು. ನಾನು ಓಕೆ ಅನ್ನುತ್ತಿದ್ದೆ. ಮೂರನೇ ದಿನ ಪುಸ್ತಕ ಮುಚ್ಚಿ ಮಂಚದ ತುದಿಯಲ್ಲಿ ಕೂತಳು. "ಓಕೆ ಅಂತ ಬರೆಯಲಾ, ಇಲ್ಲ ನಿಜ ಹೇಳ್ತೀರಾ?" ಅಂದಳು. ಅಷ್ಟೇ, ಅಳು ಬಂತು. ನಿಲ್ಲಲೇ ಇಲ್ಲ. ಅವಳು ಹೆದರಲಿಲ್ಲ. ಇದಕ್ಕೆ ಇಲ್ಲಿ ಒಂದು ಹೆಸರೇ ಇದೆ, ಬಾಣಂತಿಯ ಕಣ್ಣೀರು ಅಂತ. ಮೂರನೇ ನಾಲ್ಕನೇ ದಿನ ತುಂಬ ಜನಕ್ಕೆ ಬರುತ್ತದಂತೆ. ಎರಡು ವಾರ ಆದರೂ ನಿಲ್ಲದಿದ್ದರೆ ಮಾತ್ರ ಡಾಕ್ಟರಿಗೆ ಹೇಳಬೇಕು. ಹಾಸನದಲ್ಲಾಗಿದ್ದರೆ ಅಮ್ಮ ದೃಷ್ಟಿ ತೆಗೆಯುತ್ತಿದ್ದರು. ಅದೂ ಆಗುತ್ತಿತ್ತೇನೋ. ಅವತ್ತು ನಾನು ಮೊದಲ ಸಲ ಬಾಯಿಬಿಟ್ಟು ಕೇಳಿದ್ದು ಏನು ಗೊತ್ತಾ? "ಚೀಸ್ ಹಾಕಿದ ತಣ್ಣನೆ ಬ್ರೆಡ್ ಬೇಡ. ನನಗೆ ಬಿಸಿಯಾಗಿ ಏನಾದರೂ ಬೇಕು." ಅವಳು ನನ್ನ ಗಂಡನನ್ನು ಅಡುಗೆಮನೆಗೆ ಕಳಿಸಿದಳು. ಅಮ್ಮ ಫೋನಿನಲ್ಲಿ ಹೇಳುತ್ತಾ ಹೋದರು, ಇವರು ಮೆಂತ್ಯದ ಗಂಜಿ ಮಾಡಿದರು. ತಳ ಹಿಡಿದಿತ್ತು. ಅವಳು ಮೂಸಿ ನೋಡಿ, ಅದೇನು ಅಂತ ಕೇಳಿಕೊಂಡು, ಪುಸ್ತಕದಲ್ಲಿ "ಮೆಂತ್ಯ, ಒಂದು ಬಟ್ಟಲು" ಅಂತ ಬರೆದಳು. ಆ ಪುಸ್ತಕ ಇನ್ನೂ ಇಟ್ಟಿದ್ದೇನೆ.

ಇನ್ನು ನಿನ್ನ ವಿಷಯಕ್ಕೆ ಬರುತ್ತೇನೆ. ಕಾಗದಪತ್ರದಲ್ಲಿ ನಿನಗೆ ಮೊದಲು ತಲೆಬಿಸಿ ಮಾಡುವುದು ಹೆಸರು. ಮೂರು ದಿನದೊಳಗೆ ನಗರಸಭೆಯಲ್ಲಿ ಜನನ ಬರೆಸಬೇಕು, ಆಗಲೇ ಹೆಸರೂ ಕೊಡಬೇಕು. ನಮ್ಮಲ್ಲಿ ಹೆಸರಿಲ್ಲದೆ ಬರೆಸಿ ನಾಮಕರಣ ಆದ ಮೇಲೆ ಸೇರಿಸಬಹುದು, ಇಲ್ಲಿ ಹಾಗಿಲ್ಲ. ಅಕ್ಷರ ಬರಲಿ ಅಂತ ಜೋಯಿಸರನ್ನು ಕಾಯುತ್ತಾ ಕೂರಬೇಡ. ನಾವು ಬರೆಸಿದ ಹೆಸರು ಒಂದು, ತೊಟ್ಟಿಲಲ್ಲಿ ಕೂಗಿದ ಹೆಸರು ಇನ್ನೊಂದು. ಇಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಈ ದೇಶದ ಪ್ರಜೆ ಆಗುವುದಿಲ್ಲ. ಹೇಗ್‌ನ ನಮ್ಮ ರಾಯಭಾರ ಕಚೇರಿಯಲ್ಲಿ ವರ್ಷದೊಳಗೆ ಜನನ ನೋಂದಾಯಿಸಿ ಪಾಸ್‌ಪೋರ್ಟ್ ಮಾಡಿಸಬೇಕು, ಇಲ್ಲಿನ ವಾಸದ ಪರವಾನಗಿಯನ್ನೂ ಮಾಡಿಸಬೇಕು. ನಾಲ್ಕು ತಿಂಗಳೊಳಗೆ ಇನ್ಶೂರೆನ್ಸಿಗೆ ಸೇರಿಸಬೇಕು, ಹದಿನೆಂಟು ವರ್ಷದವರೆಗೆ ಮಗುವಿಗೆ ಕಂತು ಕಟ್ಟಬೇಕಿಲ್ಲ.

ಕ್ರಾಮ್‌ಜೋರ್ಖ್‌ಗೆ ಈ ವಾರವೇ ಹೆಸರು ಬರೆಸು. ಜನ ಸಾಲದೆ ಒದ್ದಾಡುತ್ತಿದ್ದಾರೆ, ತಡ ಮಾಡಿದವರಿಗೆ ಗಂಟೆ ಕಡಿಮೆ ಸಿಗುತ್ತದೆ. ಸೂಲಗಿತ್ತಿಗೂ ಆರೈಕೆಯವಳಿಗೂ ಇನ್ಶೂರೆನ್ಸಿನವರು ಕೊಡಲು ಶುರುಮಾಡುವ ಮೊದಲು ವರ್ಷಕ್ಕೆ ನಾವು ಕೈಯಿಂದ ಹಾಕಬೇಕಾದ 385 ಯುರೋ ಅನ್ವಯಿಸುವುದಿಲ್ಲ. ಆದರೆ ತೊಡಕಿಲ್ಲದೆ ಸುಮ್ನೆ ಆಸ್ಪತ್ರೆ ಬೇಕು ಅಂದರೆ ಒಂದಷ್ಟು ಕೈಯಿಂದ ಹೋಗುತ್ತದೆ, ಮೊದಲೇ ಕೇಳಿಕೊ.

ಊರಿಗೆ ಹೋಗಲಾ ಅಂದೆ. ನನ್ನನ್ನು ಕೇಳಿದರೆ ಬೇಡ. 2016ರಲ್ಲಿ ನನ್ನ ಗಂಡನಿಗೆ ಸಿಕ್ಕಿದ್ದು ಎರಡು ದಿನ ರಜೆ. ಈಗ ಒಂದು ವಾರ ಪೂರ್ತಿ ಸಂಬಳದ ರಜೆ, 2020ರ ಜುಲೈಯಿಂದ ಅದರ ಮೇಲೆ ಐದು ವಾರ ನೂರಕ್ಕೆ ಎಪ್ಪತ್ತರ ಲೆಕ್ಕದಲ್ಲಿ. ಮಗನೂ ಅಪ್ಪನೂ ಜೊತೆಯಲ್ಲಿರುತ್ತಾರೆ. ಆದರೆ ನಿಮ್ಮಮ್ಮನನ್ನು ಕರೆಸು. ಹೆರಿಗೆಗೆ ಅಲ್ಲ, ಹೆರಿಗೆ ಆಗಿ ಒಂದು ವಾರ ಕಳೆದ ಮೇಲೆ. ಇದನ್ನು ಯಾರೂ ಹೇಳುವುದಿಲ್ಲ. ಮೊದಲ ಎಂಟು ದಿನ ಮನೆಯಲ್ಲಿ ಓಡಾಟ ಇರುತ್ತದೆ, ಕೇಳುವವರಿರುತ್ತಾರೆ. ಒಂಬತ್ತನೇ ದಿನ ಆರೈಕೆಯವಳು ಬಾಗಿಲು ಹಾಕಿಕೊಂಡು ಹೋಗುತ್ತಾಳಲ್ಲ, ಆ ಮಧ್ಯಾಹ್ನ ಮನೆ ಗವ್ ಅನ್ನುತ್ತದೆ. ನಾನು ಅಮ್ಮ ಬರುವವರೆಗೆ ಹಗಲು ಎಣಿಸಿದ್ದು ಆಗ. ತೊಂಬತ್ತು ದಿನಕ್ಕಿಂತ ಜಾಸ್ತಿ ಇರಲು ಬಿಡುವುದಿಲ್ಲ, ಮೊದಲ ವಾರದಲ್ಲಿ ಅದನ್ನು ಖರ್ಚು ಮಾಡಬೇಡ. ಆರು ತಿಂಗಳು ಮುಂಚೆಯೇ ವೀಸಾಗೆ ಹಾಕಬಹುದು, ಹಾಕಿಬಿಡು. ತುಪ್ಪ ತರಬೇಡಿ ಅಂತ ಹೇಳು. ಹಾಲಿನ ಪದಾರ್ಥ ಹೊರಗಿನಿಂದ ತರುವ ಹಾಗಿಲ್ಲ, ಏರ್‌ಪೋರ್ಟಿನಲ್ಲಿ ತೆಗೆದುಹಾಕುತ್ತಾರೆ. ನಮ್ಮಮ್ಮ ಇಲ್ಲಿನ ಬೆಣ್ಣೆ ಕಾಯಿಸಿ, ರುಚಿ ನೋಡಿ, ಬಹಳ ಕಷ್ಟಪಟ್ಟು "ಕೆಟ್ಟದ್ದೇನಲ್ಲ" ಅಂತ ಒಪ್ಪಿಕೊಂಡರು. ಮೆಂತ್ಯ, ಓಮ, ಒಣಶುಂಠಿ ಎಲ್ಲ ಇಲ್ಲೇ ಸಿಗುತ್ತದೆ.

ನಿನ್ನ ಪಕ್ಕದ ಮನೆಯಲ್ಲಿ ಯಾರಿದ್ದಾರೆ ಅಂತ ನೀನು ಬರೆದಿಲ್ಲ. ಗೊತ್ತಿಲ್ಲ ಅಂತಿದ್ದರೆ ಈ ಶನಿವಾರ ಒಂದು ಡಬ್ಬಿಯಲ್ಲಿ ಚಕ್ಕುಲಿ ಹಾಕಿಕೊಂಡು ಹೋಗಿ ಬೆಲ್ ಒತ್ತು. ಬಸುರಿ ಅಂತ ಹೇಳು. ರಾತ್ರಿ ಬೇಕಾದರೆ ಎಬ್ಬಿಸಬಹುದಾ ಅಂತ ನೇರವಾಗಿ ಕೇಳು. ಅವರು ಆಗುತ್ತೆ ಅಂದರೆ ಆಗುತ್ತೆ, ಆಗಲ್ಲ ಅಂದರೆ ಆಗಲ್ಲ, ಬೇಜಾರು ಮಾಡಿಕೊಳ್ಳುವ ಹಾಗೇ ಇಲ್ಲ.

ನಮ್ಮ ಮನೆ ನಿನ್ನ ಮನೆಯಿಂದ ಸೈಕಲ್ಲಿನಲ್ಲಿ ಹನ್ನೆರಡು ನಿಮಿಷ, ನಕ್ಷೆಯಲ್ಲಿ ನೋಡಿದೆ. ನೋವು ಶುರುವಾದರೆ ಸೂಲಗಿತ್ತಿಗೆ ಮೊದಲು ಮಾಡು, ಆಮೇಲೆ ನನಗೆ ಮಾಡು. ಅವಳು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳು. ನನ್ನ ಹತ್ತಿರ ಬೇಕಾದರೆ ಪರವಾಗಿಲ್ಲ ಅನ್ನು. ನೀನು ಪರವಾಗಿಲ್ಲ ಅಂದ ತಕ್ಷಣ ನಾನು ಚಪ್ಪಲಿ ಹಾಕಿಕೊಳ್ಳುತ್ತೇನೆ.